ಹೆಡ್‌ನಲ್ಲಿ ಥ್ರೆಡ್ ಹೋದ ಎಂ8 ತೂತು: ಒಂಬತ್ತು ದಿನದ ರಿಪೇರಿ ಡೈರಿ

ಎಂಜಿನ್ ಹೆಡ್‌ನಲ್ಲಿ (ಎಂಜಿನ್‌ನ ಮೇಲಿನ ಭಾಗ) ಒಂದು ಬೋಲ್ಟ್ ತೂತಿನ ಥ್ರೆಡ್, ಅಂದರೆ ಒಳಗಿನ ತಿರುಪಿನ ಹಲ್ಲು, ಕಿತ್ತುಹೋಗಿತ್ತು. ಅದನ್ನು ಸರಿಮಾಡಿದ ಕೆಲಸ ಮುಗಿದು ಮೂರು ವಾರ ಆಯಿತು. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಒಂದು ಹನಿಯೂ ಸೋರಿಲ್ಲ ಅಂತ ಖಾತ್ರಿಯಾದ ಮೇಲೆ ಬರೆಯೋಣ ಅಂತ ಕಾದಿದ್ದೆ. ಪ್ರತಿ ದಿನ ಚೀಟಿಯಲ್ಲಿ ಗೀಚಿಟ್ಟ ಅಳತೆಗಳು ನನ್ನ ಹತ್ತಿರ ಇವೆ. ಅವನ್ನೇ ಸರಿಮಾಡಿ ಇಲ್ಲಿ ಬರೆಯುತ್ತಿದ್ದೇನೆ. ತಪ್ಪುಗಳನ್ನೂ ಹಾಗೇ ಬಿಟ್ಟಿದ್ದೇನೆ. ನಿಮ್ಮ ಗಾಡಿಯಲ್ಲೂ ಇಂಥ ಒಂದು ಬೋಲ್ಟ್ ಸುಮ್ನೆ ತಿರುಗ್ತಾ ಇದ್ದರೆ, ಸರಿಯಾದ ಹಂತಗಳಿಗಿಂತ ಆ ತಪ್ಪುಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಎಂಜಿನ್ ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಎಂಜಿನ್. ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಹೆಡ್‌ನ ತುದಿಯಲ್ಲಿ ಥರ್ಮೋಸ್ಟ್ಯಾಟ್ ಹೌಸಿಂಗ್ ಕೂರುತ್ತದೆ (ಥರ್ಮೋಸ್ಟ್ಯಾಟ್ ಅಂದರೆ ಎಂಜಿನ್ ಬಿಸಿಯಾದಾಗ ಕೂಲೆಂಟ್‌ಗೆ ದಾರಿ ಬಿಡುವ ಕವಾಟ, ಹೌಸಿಂಗ್ ಅದರ ಹೊರಕವಚ). ಅದಕ್ಕೆ ಎರಡೇ ಬೋಲ್ಟ್, ಎರಡೂ ಎಂ8 (ದಪ್ಪ 8 ಮಿ.ಮೀ.), ಪಿಚ್ (ಹಲ್ಲಿನಿಂದ ಹಲ್ಲಿಗೆ ಅಂತರ) 1.25, ಉದ್ದ 30 ಮಿ.ಮೀ. ಮ್ಯಾನ್ಯುಯಲ್ ಹೇಳುವ ಬಿಗಿತ 22 ನ್ಯೂಟನ್ ಮೀಟರ್. ತೂತುಗಳು ಆಚೆ ತೂರಿ ಹೋಗುವುದಿಲ್ಲ, ತಳ ಮುಚ್ಚಿದೆ.

ದಿನ 1: ಥ್ರೆಡ್ ಹೋದದ್ದು

ಥರ್ಮೋಸ್ಟ್ಯಾಟ್ ಬದಲಿಸುವುದು ಅರ್ಧ ದಿನದ ಕೆಲಸ. ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿದೆ. ಹೋಸ್ ಬಿಚ್ಚಿದೆ, ಹೌಸಿಂಗ್ ತೆಗೆದೆ. ಮೇಲಿನ ಬೋಲ್ಟ್ ಚೆನ್ನಾಗಿತ್ತು. ಕೆಳಗಿನದು ತುಕ್ಕು ತಿಂದು ಸೊಂಟದ ಹತ್ತಿರ ಸಣ್ಣಗಾಗಿತ್ತು. ಇಂಥದ್ದನ್ನು ಮತ್ತೆ ಹಾಕುವುದು ಬೇಡ ಅಂತ ನನ್ನ ಬೋಲ್ಟ್ ಡಬ್ಬಿಯಿಂದ ಬೇರೊಂದು ತೆಗೆದೆ. ತಲೆ 13ರ ಸ್ಪ್ಯಾನರ್‌ಗೆ ಸರಿ ಇತ್ತು, ದಪ್ಪ ಸರಿ ಇತ್ತು, ಕೈಯಲ್ಲಿ ಸಲೀಸಾಗಿ ಹೋಯಿತು. ಉದ್ದ ನೋಡಲಿಲ್ಲ.

ಹೊಸ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಇಟ್ಟು ಎರಡನ್ನೂ ಕೈಬಿಗಿ ಮಾಡಿದೆ. ಆಮೇಲೆ ಟಾರ್ಕ್ ರೆಂಚ್ (ಹೊಂದಿಸಿದ ಬಿಗಿತ ತಲುಪಿದಾಗ 'ಕ್ಲಿಕ್' ಅನ್ನುವ ರೆಂಚ್) ಹಿಡಿದೆ. ಅದು ಚಕ್ರದ ನಟ್ ಬಿಗಿಯುವ ದೊಡ್ಡ ರೆಂಚ್. ಹಿಡಿಯ ಮೇಲಿನ ಗೆರೆಗಳು 28ರಿಂದ ಶುರುವಾಗುತ್ತವೆ. ಹಿಡಿಯನ್ನು 28ಕ್ಕಿಂತ ಒಂದಿಷ್ಟು ಕೆಳಗೆ ತಿರುಗಿಸಿ ಇದೇ 22 ಅಂದುಕೊಂಡೆ. ಮೇಲಿನ ಬೋಲ್ಟ್ ಬಿಗಿಯಿತು, ಆದರೆ 'ಕ್ಲಿಕ್' ಕೇಳಿಸಲಿಲ್ಲ. ಸಾಕು ಅನ್ನಿಸಿ ನಿಲ್ಲಿಸಿದೆ. ಕೆಳಗಿನದಕ್ಕೆ ಹೋದೆ. ಅಲ್ಲೂ ಕ್ಲಿಕ್ ಇಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಎಳೆದೆ. ಗಟ್ಟಿಯಾಗುತ್ತಾ ಬಂದ ಬೋಲ್ಟ್ ಒಮ್ಮೆಲೇ ಮೆತ್ತಗಾಯಿತು. ಬೆಂದ ಗೆಣಸಿಗೆ ಚಮಚ ಹಾಕಿದ ಹಾಗೆ. ಆ ಮೆತ್ತಗಾದ ಕ್ಷಣ ಕೈಗೆ ಗೊತ್ತಾಗುತ್ತದೆ, ಹೊಟ್ಟೆಗೂ ಗೊತ್ತಾಗುತ್ತದೆ.

ತಪ್ಪು ಒಂದು: ಕ್ಲಿಕ್ ಆಗುವ ರೆಂಚ್ ಅದರ ಗೆರೆಗಳ ಒಳಗೆ ಮಾತ್ರ ನಂಬಿಕೆಗೆ ಅರ್ಹ. ಅತಿ ಕೆಳಗಿನ ಗೆರೆಗೂ ಕೆಳಗೆ ಇಳಿಸಿದರೆ ಅದು ಕ್ಲಿಕ್ ಆಗುತ್ತದೋ ಇಲ್ಲವೋ ಹೇಳಲಾಗದು. ಆ ಶಬ್ದಕ್ಕೆ ಕಾಯುತ್ತಾ ನಾನು ಎಷ್ಟು ಎಳೆದೆ ಅಂತ ನನಗೇ ಗೊತ್ತಿಲ್ಲ.

ಬೋಲ್ಟ್ ಹೊರಗೆ ತೆಗೆದೆ. ಅದರ ತುದಿಯ ಹಲ್ಲುಗಳ ನಡುವೆ ಅಲ್ಯೂಮಿನಿಯಂ ದಾರದ ಹಾಗೆ ಸುತ್ತಿಕೊಂಡಿತ್ತು. ಪೆನ್ನಿನ ಸ್ಪ್ರಿಂಗ್‌ನಂತೆ ನಾಲ್ಕೂವರೆ ಸುತ್ತು, ಬೆಳ್ಳಗೆ ಹೊಳೆಯುತ್ತಿತ್ತು. ಉಗುರಿನಿಂದ ಬಿಡಿಸಿದರೆ ಇಡಿಯಾಗಿ ಬಂತು. ಹೆಡ್‌ನ ಥ್ರೆಡ್ ನನ್ನ ಕೈಯಲ್ಲಿತ್ತು.

ದಿನ 2: ಅಳತೆ, ಮೊದಲೇ ಮಾಡಬೇಕಾಗಿದ್ದು

ಬೆಳಿಗ್ಗೆ ಕ್ಯಾಲಿಪರ್ (ಉದ್ದ, ದಪ್ಪ, ಆಳ ಅಳೆಯುವ ಸಾಧನ) ಹಿಡಿದು ಕೂತೆ. ಹಳೆಯ ಬೋಲ್ಟ್‌ನ ಉದ್ದ 30. ನಾನು ಹಾಕಿದ್ದು 20. ಹೌಸಿಂಗ್‌ನ ಕಿವಿ 12 ಮಿ.ಮೀ. ದಪ್ಪ. ವಾಷರ್ ಮತ್ತು ಗ್ಯಾಸ್ಕೆಟ್ ಸೇರಿ ಇನ್ನೆರಡು. ಅಂದರೆ 30ರ ಬೋಲ್ಟ್ ಹೆಡ್‌ನೊಳಗೆ 16 ಮಿ.ಮೀ. ಇಳಿಯುತ್ತದೆ. ನನ್ನ 20ರ ಬೋಲ್ಟ್ ಇಳಿದದ್ದು ಬರೀ 6.

ಅಲ್ಯೂಮಿನಿಯಂನಲ್ಲಿ ಬೋಲ್ಟ್ ತನ್ನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ ಕಚ್ಚಬೇಕು. ಎಂ8ಕ್ಕೆ 12ರಿಂದ 16 ಮಿ.ಮೀ. ಗಾಡಿ ಮಾಡಿದವರು 16 ಕೊಟ್ಟಿದ್ದರು, ನಾನು 6 ಕೊಟ್ಟೆ. ಅದರ ಮೇಲೆ ಎಷ್ಟೆಂದು ಗೊತ್ತಿಲ್ಲದ ಬಲ. ಥ್ರೆಡ್ ಉಳಿಯುವುದಾದರೂ ಹೇಗೆ ಅಲ್ವಾ?

ತೂತಿನ ಆಳ ಕ್ಯಾಲಿಪರ್‌ನ ಬಾಲದ ಕಡ್ಡಿಯಿಂದ ಅಳೆದೆ: 26 ಮಿ.ಮೀ. ಟಾರ್ಚ್ ಹಾಕಿ ನೋಡಿದರೆ ಮೊದಲ 6 ಮಿ.ಮೀ. ನುಣ್ಣಗೆ, ಅದರ ಕೆಳಗೆ ಥ್ರೆಡ್ ಕಾಣುತ್ತಿತ್ತು. ಆಗ ಬಂದ ಆಸೆ ಸಹಜ. ಕೆಳಗಿನ ಹತ್ತು ಮಿ.ಮೀ. ಚೆನ್ನಾಗಿದೆ, ಸರಿಯಾದ 30ರ ಬೋಲ್ಟ್ ಹಾಕಿದರೆ ಅದನ್ನು ಹಿಡಿಯುತ್ತದಲ್ಲ?

ಲೆಕ್ಕ ಸರಿಯೇ ಇತ್ತು. ಆತುರ ಕೆಡಿಸಿತು. ಹೊಸ 30ರ ಬೋಲ್ಟ್ ತಂದು, ತೂತನ್ನು ಸ್ವಚ್ಛ ಮಾಡದೆ ಹಾಗೇ ತಿರುಗಿಸಿದೆ. ಮೇಲೆ ಕಿತ್ತುಹೋದ ಅಲ್ಯೂಮಿನಿಯಂ ಚೂರುಗಳು ಒಳಗೇ ಇದ್ದವು. ಬೋಲ್ಟ್ ಅವನ್ನು ಕೆಳಗಿನ ಒಳ್ಳೆಯ ಥ್ರೆಡ್‌ಗೆ ತುರುಕಿತು. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ಸ್ಪ್ಯಾನರ್ ಹಾಕಿದೆ, ಕರಕರ ಅಂತ ಇಳಿಯಿತು. ಈ ಸಲ 5ರಿಂದ 25 ನ್ಯೂಟನ್ ಮೀಟರ್‌ನ ಸಣ್ಣ ಟಾರ್ಕ್ ರೆಂಚ್ ತಂದಿದ್ದೆ. 15ಕ್ಕೆ ಕ್ಲಿಕ್ ಬಂತು. 18ಕ್ಕೆ ಬರಲಿಲ್ಲ. ಮತ್ತೆ ಅದೇ ಮೆತ್ತಗೆ.

ತಪ್ಪು ಎರಡು. ಈ ಇಡೀ ಡೈರಿಯಲ್ಲಿ ನನಗೆ ಹೆಚ್ಚು ಸಂಕಟ ಕೊಟ್ಟದ್ದು ಇದೇ. ಮೊದಲನೆಯದು ಗೊತ್ತಿಲ್ಲದೆ ಆದದ್ದು. ಇದು ಗೊತ್ತಿದ್ದೂ ಮಾಡಿದ್ದು. ಹತ್ತು ನಿಮಿಷ ಕೂತು, ಥ್ರೆಡ್ ಚೇಸರ್ (ಹಳೆಯ ಥ್ರೆಡ್ ಸ್ವಚ್ಛ ಮಾಡುವ ಸಾಧನ) ಹಾಕಿ, ಗಾಳಿ ಊದಿ ಚೂರು ತೆಗೆದಿದ್ದರೆ ಆ ಹತ್ತು ಮಿ.ಮೀ. ಥ್ರೆಡ್ ಬಹುಶಃ ಸಾಕಾಗುತ್ತಿತ್ತು. ಚೇಸರ್ ಇಲ್ಲದಿದ್ದರೆ ಹಳೆಯ ಬೋಲ್ಟ್‌ಗೆ ಗರಗಸದಲ್ಲಿ ಉದ್ದಕ್ಕೆ ಎರಡು ಕಡೆ ಗೀರು ಹಾಕಿಕೊಂಡರೂ ನಡೆಯುತ್ತದೆ. ಚೂರು ಆ ಗೀರಿನಲ್ಲಿ ಕೂರುತ್ತದೆ. ಈಗ ಅದನ್ನು ಹೇಳಿ ಪ್ರಯೋಜನವಿಲ್ಲ.

ದಿನ 3 ಮತ್ತು 4: ಎಪಾಕ್ಸಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಭಾಗ ಕಲಸುವ ಲೋಹದ ಎಪಾಕ್ಸಿ ತಂದೆ. ತೂತು ತೊಳೆದು ಒಣಗಿಸಿ, ಒಳಗೆ ತುಂಬಿ, ಎಣ್ಣೆ ಸವರಿದ ಬೋಲ್ಟ್ ಇಳಿಸಿ 24 ಗಂಟೆ ಬಿಟ್ಟೆ. ಮಾರನೆಯ ದಿನ ಬೋಲ್ಟ್ ಚೆನ್ನಾಗಿ ಬಿಚ್ಚಿಕೊಂಡಿತು, ಒಳಗೆ ಅಂದದ ಥ್ರೆಡ್ ಕಾಣಿಸಿತು. ರೆಂಚ್ 9 ನ್ಯೂಟನ್ ಮೀಟರ್ ತಲುಪುವಷ್ಟರಲ್ಲಿ ಪುಡಿಯಾಯಿತು. ಆ ಪುಡಿ ತೆಗೆಯಲು ಇನ್ನೊಂದು ಗಂಟೆ.

ಹಗುರ ಕವರ್ ಹಿಡಿಯುವ ಬೋಲ್ಟ್‌ಗೆ ಇದು ಸಾಕಾಗಬಹುದು. ಬಿಸಿ ಕೂಲೆಂಟ್ ಒತ್ತಡದಲ್ಲಿ ತಳ್ಳುವ ಜಾಗಕ್ಕೆ ನಾನಂತೂ ಮತ್ತೆ ಹಾಕುವುದಿಲ್ಲ.

ದಿನ 5: ಕಿಟ್ ಬಂತು, ಹಾಳು ತುಂಡಿನ ಮೇಲೆ ಅಭ್ಯಾಸ

ಹೆಲಿಕಾಯಿಲ್ ಮಾದರಿಯ ಥ್ರೆಡ್ ಕಿಟ್ ತರಿಸಿದ್ದೆ. ಹಾಳಾದ ತೂತನ್ನು ದೊಡ್ಡದು ಮಾಡಿ, ಒಳಗೆ ತಂತಿಯ ಸುರುಳಿ ಕೂರಿಸಿ ಹೊಸ ಥ್ರೆಡ್ ಕೊಡುವ ಕಿಟ್ ಇದು. ಡಬ್ಬಿಯಲ್ಲಿ 8.3 ಮಿ.ಮೀ. ಡ್ರಿಲ್ ಬಿಟ್, ತೂತಿನಲ್ಲಿ ಥ್ರೆಡ್ ಕೊರೆಯುವ ಒಂದು ಟ್ಯಾಪ್, ಸುರುಳಿ ಕೂರಿಸುವ ಕೋಲು, ಸುರುಳಿಯ ತುದಿಯ ಕಡ್ಡಿ (ಟ್ಯಾಂಗ್) ಮುರಿಯುವ ಪಂಚ್, ಮತ್ತು ಸ್ಟೇನ್‌ಲೆಸ್ ತಂತಿಯ ಸುರುಳಿ ಇನ್ಸರ್ಟ್‌ಗಳು ಇದ್ದವು. ಕೆಲವು 12 ಮಿ.ಮೀ. ಉದ್ದದವು, ಕೆಲವು 16ರವು.

ಮೊದಲ ಸಲ ನೋಡುವವರಿಗೆ ಟ್ಯಾಪ್ ಗೊಂದಲ ಹುಟ್ಟಿಸುತ್ತದೆ. ಅದರ ಮೇಲೆ ಎಂ8 ಅಂತಲೇ ಬರೆದಿದೆ, ಆದರೆ ದಪ್ಪ ಅಳೆದರೆ ಸುಮಾರು 9.6 ಮಿ.ಮೀ. ಸುರುಳಿಯ ಹೊರಮೈ ಕೂರಲು ಅಷ್ಟು ಜಾಗ ಬೇಕು. ಪಿಚ್ ಮಾತ್ರ ಅದೇ 1.25. ಮನೆಯಲ್ಲಿರುವ ಸಾಮಾನ್ಯ ಎಂ8 ಟ್ಯಾಪ್‌ನಿಂದ ಈ ಕೆಲಸ ಆಗುವುದಿಲ್ಲ. ಸಾಮಾನ್ಯ ಎಂ8ಕ್ಕೆ ತೂತು 6.8, ಇದಕ್ಕೆ 8.3. ಬಿಟ್ ಅದಲುಬದಲಾದರೆ ಕಥೆ ಮುಗಿಯಿತು.

ಮೊದಲು 25 ಮಿ.ಮೀ. ದಪ್ಪದ ಹಳೆಯ ಅಲ್ಯೂಮಿನಿಯಂ ತುಂಡಿನ ಮೇಲೆ ಅಭ್ಯಾಸ ಮಾಡಿದೆ. ಇದು ಈ ಒಂಬತ್ತು ದಿನದಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಡ್ರಿಲ್ ಕೈಯಲ್ಲೇ ಹಿಡಿದು, ಕಣ್ಣಳತೆಯಲ್ಲಿ ನೇರವಾಗಿ ಕೊರೆದೆ. ಟ್ಯಾಪ್ ಹಾಕಿ, ಇನ್ಸರ್ಟ್ ಕೂರಿಸಿ, ಉದ್ದದ ಬೋಲ್ಟ್ ತಿರುಗಿಸಿದೆ. ಪಕ್ಕದಲ್ಲಿ ಮೂಲೆಮಟ್ಟ ಇಟ್ಟರೆ 50 ಮಿ.ಮೀ. ಎತ್ತರದಲ್ಲಿ 2 ಮಿ.ಮೀ. ಸಂದು. ಎರಡು ಡಿಗ್ರಿಗಿಂತ ಜಾಸ್ತಿ ವಾಲಿದೆ. ನಿಂತು ನೋಡಿದಾಗ ನೇರವಾಗಿಯೇ ಕಂಡಿತ್ತು!

ಇದೇ ವಾಲು ಹೆಡ್‌ನಲ್ಲಿ ಆಗಿದ್ದರೆ ಬೋಲ್ಟ್‌ನ ತಲೆ ಹೌಸಿಂಗ್ ಮೇಲೆ ಒಂದೇ ಅಂಚಿನಲ್ಲಿ ಕೂರುತ್ತಿತ್ತು. ಹೆಡ್ ಬಿಚ್ಚಿ ವರ್ಕ್‌ಶಾಪ್‌ಗೆ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ಎರಡು ದಿನ ತಡವಾದರೂ ಸರಿ, ಗೈಡ್ ಇಲ್ಲದೆ ಡ್ರಿಲ್ ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದೆ.

ದಿನ 6: ಗೈಡ್ ತಟ್ಟೆ

ಉಪಾಯ ಸರಳ. 20 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯಲ್ಲಿ ಎರಡು ತೂತು. ಒಂದರಲ್ಲಿ ಬೋಲ್ಟ್ ಹಾಕಿ ಹೆಡ್‌ನ ಒಳ್ಳೆಯ ತೂತಿಗೆ ಬಿಗಿಯುವುದು. ಇನ್ನೊಂದು ಸರಿಯಾಗಿ 8.3 ಮಿ.ಮೀ., ಅದು ಹಾಳಾದ ತೂತಿನ ನೇರಕ್ಕೆ ಬರಬೇಕು. ಪಟ್ಟಿ ಹೆಡ್‌ನ ಯಂತ್ರದಲ್ಲಿ ನಯ ಮಾಡಿದ ಮುಖದ ಮೇಲೆ ಕೂರುತ್ತದೆ, ಹಾಗಾಗಿ ಡ್ರಿಲ್ ತಾನಾಗಿ ನೇರ ಇಳಿಯುತ್ತದೆ.

ಕಷ್ಟ ಇರುವುದು ಎರಡು ತೂತಿನ ನಡುವಿನ ಅಂತರದಲ್ಲಿ. ಮಧ್ಯದಿಂದ ಮಧ್ಯಕ್ಕೆ ನೇರವಾಗಿ ಅಳೆಯಲು ಆಗುವುದಿಲ್ಲ. ತೂತುಗಳ ಒಳ ಅಂಚಿನಿಂದ ಒಳ ಅಂಚಿಗೆ ಅಳೆದೆ, ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಅದೇ ಮಧ್ಯದ ಅಂತರ. ಹೌಸಿಂಗ್‌ನಲ್ಲಿ 55 ಮತ್ತು 73 ಬಂತು, ಅಂದರೆ 64. ಹೆಡ್ ಮೇಲೆ ಅಳೆದಾಗ 64.1. ಹಾಳಾದ ತೂತಿನ ಅಂಚು ಮಾಸಿರುವುದರಿಂದ 64ನ್ನೇ ಹಿಡಿದೆ.

ಪರಿಚಯದವರ ವರ್ಕ್‌ಶಾಪ್‌ನಲ್ಲಿ ನಿಲ್ಲಿಸುವ ಡ್ರಿಲ್ ಇತ್ತು. ಪಟ್ಟಿಯನ್ನು ವೈಸ್‌ನಲ್ಲಿ ಹಿಡಿಸಿ ಅಲ್ಲೇ ಕೊರೆದೆವು. ಇದಕ್ಕೆ ಬೇರೆ 8.3 ಬಿಟ್ ಬಳಸಿದೆ. ಕಿಟ್‌ನ ಬಿಟ್ ಮೊಂಡಾಗುವುದು ನನಗೆ ಬೇಡವಾಗಿತ್ತು. ಮೊದಲ ಪಟ್ಟಿ 63.6ಕ್ಕೆ ಬಂತು. ಸೆಂಟರ್ ಪಂಚ್ ಗುರುತು ಸರಿಯಾಗಿ ಕೂತಿರಲಿಲ್ಲ. ಎಸೆದೆ. ಎರಡನೆಯದು 64ಕ್ಕೆ ಸರಿಯಾಗಿ ಬಂತು.

ಸಂಜೆ ಗಾಡಿಗೆ ಹಿಡಿದು ನೋಡಿದರೆ ಇನ್ನೊಂದು ತೊಡಕು. ಪಟ್ಟಿ, ಬಿಟ್, ಡ್ರಿಲ್ ಮೂರನ್ನೂ ಒಂದೇ ಗೆರೆಯಲ್ಲಿ ಇಡಲು ಜಾಗವೇ ಇಲ್ಲ. ಬ್ಯಾಟರಿ, ಅದರ ತಟ್ಟೆ, ಏರ್ ಫಿಲ್ಟರ್ ಡಬ್ಬಿ ಮೂರನ್ನೂ ಬಿಚ್ಚಿದೆ. ಬ್ಯಾಟರಿಯ ಮೈನಸ್ ತಂತಿ ಮೊದಲು. ಆಮೇಲೆ 35 ಸೆಂ.ಮೀ. ಜಾಗ ಸಿಕ್ಕಿತು. ಡ್ರಿಲ್ ತರುವ ಮೊದಲೇ ಇದನ್ನು ನೋಡಿಕೊಳ್ಳಿ.

ದಿನ 7: ಹೆಡ್‌ಗೆ ಡ್ರಿಲ್

ಶುರು ಮಾಡುವ ಮೊದಲು ಎರಡು ವಿಷಯ. ಥರ್ಮೋಸ್ಟ್ಯಾಟ್ ಕೂರುವ ಬಾಯಿಗೆ ಬಟ್ಟೆ ತುರುಕಿದೆ, ಅದರ ಮೇಲೆ ಟೇಪ್ ಹಚ್ಚಿದೆ. ಚೂರು ಅಲ್ಲಿಗೆ ಬಿದ್ದರೆ ವಾಟರ್ ಪಂಪ್‌ವರೆಗೂ ಹೋಗಬಹುದು. ಇನ್ನೊಂದು ಆಳ. ತೂತಿನ ತಳದ ಹಿಂದೆ ನೀರಿನ ಜಾಗ ಇರಬಹುದು, ಎಷ್ಟು ದಪ್ಪದ ಗೋಡೆ ಉಳಿದಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಹಳೆಯ ತೂತಿನ ಆಳ 26 ಇತ್ತಲ್ಲ, ನಾನು 24ಕ್ಕೇ ನಿಲ್ಲಿಸಲು ತೀರ್ಮಾನಿಸಿದೆ. ಹಳೆಯ ತಳವನ್ನು ಮುಟ್ಟುವುದೇ ಬೇಡ.

ಪಟ್ಟಿಯ 20 ಸೇರಿಸಿ ಬಿಟ್‌ನ ತುದಿಯಿಂದ 44 ಮಿ.ಮೀ.ಗೆ ತಡೆ ಬೇಕು. ಟೇಪ್ ಸುತ್ತಿ ಗುರುತು ಮಾಡುವವರು ಇದ್ದಾರೆ. ಅಭ್ಯಾಸದ ತುಂಡಿನಲ್ಲಿ ಟೇಪ್ 3 ಮಿ.ಮೀ. ಮೇಲಕ್ಕೆ ಜರುಗಿದ್ದನ್ನು ನಾನು ನೋಡಿದ್ದೆ. ಸಣ್ಣ ತಿರುಪು ಇರುವ ಕಬ್ಬಿಣದ ಉಂಗುರ ಹಾಕಿ ಬಿಗಿದೆ. ಅದು ಪಟ್ಟಿಗೆ ತಾಗಿದರೆ ಬಿಟ್ ಅಲ್ಲಿಗೆ ನಿಲ್ಲುತ್ತದೆ.

ಬಿಟ್‌ನ ಕಾಲುವೆಗಳಿಗೆ ದಪ್ಪಗೆ ಗ್ರೀಸ್ ತುಂಬಿದೆ, ಚೂರು ಅದಕ್ಕೆ ಅಂಟಿಕೊಂಡು ಹೊರಗೆ ಬರುತ್ತದೆ. ಡ್ರಿಲ್ ಅತಿ ನಿಧಾನ ವೇಗದಲ್ಲಿ. ಇರುವ ತೂತನ್ನು ದೊಡ್ಡದು ಮಾಡುವಾಗ ಬಿಟ್ ಅಲ್ಯೂಮಿನಿಯಂ ಅನ್ನು ಕಚ್ಚಿ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಒತ್ತುವ ಕೆಲಸ ಇಲ್ಲ, ತಡೆದು ಹಿಡಿಯುವ ಕೆಲಸ. ನಾಲ್ಕೈದು ಮಿ.ಮೀ. ಹೋಗುವುದು, ಹೊರಗೆ ತೆಗೆಯುವುದು, ಒರೆಸುವುದು, ಹೊಸ ಗ್ರೀಸ್ ಹಚ್ಚುವುದು. ಹೀಗೆ ಆರು ಸಲ. ಪ್ರತಿ ಸಲವೂ ಬೂದು ಬಣ್ಣದ ಗ್ರೀಸ್‌ನಲ್ಲಿ ಬೆಳ್ಳಿ ಪುಡಿ. ಉಂಗುರ ಪಟ್ಟಿಗೆ ತಾಗಿತು. ನಿಲ್ಲಿಸಿದೆ.

ಪಟ್ಟಿ ತೆಗೆದು ನೋಡಿದೆ. ತೂತು ನಡುಮಧ್ಯದಲ್ಲಿ, ಸುತ್ತಲೂ ಒಂದೇ ಸಮ. ಐದು ದಿನದ ಭಾರ ಆಗ ಸ್ವಲ್ಪ ಇಳಿಯಿತು.

ಮೂಗಿಗೆ, ಕಣ್ಣಿಗೆ ರಕ್ಷಣೆ ಹಾಕಿಕೊಂಡು ಸಣ್ಣ ಕೊಳವೆಯಿಂದ ಗಾಳಿ ಊದಿದೆ, ಪಕ್ಕದಲ್ಲೇ ವ್ಯಾಕ್ಯೂಮ್ ಹಿಡಿದುಕೊಂಡೆ.

ದಿನ 7, ಮಧ್ಯಾಹ್ನ: ಟ್ಯಾಪ್, ಮತ್ತು ಹಾಳಾದ ಇನ್ಸರ್ಟ್

ಟ್ಯಾಪ್‌ಗೆ ಗೈಡ್ ಇರಲಿಲ್ಲ. ಮೂಲೆಮಟ್ಟ ಇಟ್ಟು ಎರಡು ದಿಕ್ಕಿನಿಂದ ನೋಡುತ್ತಾ ಶುರು ಮಾಡಿದೆ. ಮೊದಲ ಎರಡು ಸುತ್ತಿನಲ್ಲಿ ಮಾತ್ರ ವಾಲು ತಿದ್ದಲು ಆಗುತ್ತದೆ, ಆಮೇಲೆ ಟ್ಯಾಪ್ ತನ್ನ ದಾರಿ ಹಿಡಿಯುತ್ತದೆ. ಸೀಮೆಎಣ್ಣೆ ಹನಿಸುತ್ತಾ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಹಿಂದಕ್ಕೆ ತಿರುಗಿಸುವಾಗ ಚೂರು ಮುರಿಯುವ ಸಣ್ಣ 'ಚಟ್' ಬೆರಳಿಗೆ ಕೇಳಿಸುತ್ತದೆ. ಆ ಚಟ್ ಬರುತ್ತಿದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ.

ಸ್ವಲ್ಪ ಹೊತ್ತಿಗೆ ಟ್ಯಾಪ್ ಗಟ್ಟಿಯಾಗಿ ನಿಂತಿತು. ತಳ ಸಿಕ್ಕಿತು ಅಂದುಕೊಂಡೆ. ಹೊರಗೆ ತೆಗೆದೆ, ಒಮ್ಮೆ ಊದಿದೆ, ಇನ್ಸರ್ಟ್ ಕೈಗೆತ್ತಿಕೊಂಡೆ.

ಯಾವ ಉದ್ದದ ಇನ್ಸರ್ಟ್? ನನ್ನ ಬೋಲ್ಟ್ ಒಳಗೆ 16 ಮಿ.ಮೀ. ಇಳಿಯುತ್ತದೆ. ಇನ್ಸರ್ಟ್ ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ಕೂರಬೇಕು. 16ರದು ಹಾಕಿದರೆ ಬೋಲ್ಟ್ ಅದರ ಕೊನೆಯ ಸುತ್ತನ್ನು ತಲುಪುವುದಿಲ್ಲ. 12ರದು ಹಾಕಿದರೆ ಬೋಲ್ಟ್ ಪೂರ್ತಿ ದಾಟಿ ಮೂರು ಮಿ.ಮೀ. ಆಚೆ ಹೋಗುತ್ತದೆ, ಎಲ್ಲ ಸುತ್ತಿಗೂ ಭಾರ ಬೀಳುತ್ತದೆ. 12ನ್ನೇ ಆರಿಸಿದೆ.

ಸುರುಳಿಯ ಕೆಳ ತುದಿಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಕಡ್ಡಿ ಇರುತ್ತದೆ, ಅದೇ ಟ್ಯಾಂಗ್. ಕೋಲಿನ ಸೀಳಿಗೆ ಅದನ್ನು ಸಿಕ್ಕಿಸಿ ತಿರುಗಿಸಬೇಕು. ಬಿಡಿಯಾಗಿದ್ದಾಗ ಸುರುಳಿ ತೂತಿಗಿಂತ ತುಸು ದಪ್ಪ. ತಿರುಗಿಸಿದಾಗ ಬಿಗಿಯಾಗಿ ಸಣ್ಣಗಾಗುತ್ತದೆ, ಬಿಟ್ಟಾಗ ಹಿಗ್ಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಅದಕ್ಕೇ ನಾನು ಅಂಟು ಹಾಕಲಿಲ್ಲ.

ಇಳಿಯುತ್ತಾ ಇತ್ತು, ಇಳಿಯುತ್ತಾ ಇತ್ತು, ಮೂರು ಸುತ್ತು ಹೊರಗೆ ಉಳಿದಿರುವಾಗ ನಿಂತಿತು. ನಾನು ಕೋಲನ್ನು ಒತ್ತಿ ತಿರುಗಿಸಿದೆ. 'ಟಕ್'. ಟ್ಯಾಂಗ್ ಮುರಿಯಿತು. ಸುರುಳಿ ಅರ್ಧ ಒಳಗೆ, ಅರ್ಧ ಹೊರಗೆ.

ತಪ್ಪು ಮೂರು: ಟ್ಯಾಪ್ ನಿಂತದ್ದು ತಳದಲ್ಲಿ ಅಂತ ನಾನೇ ನಂಬಿಕೊಂಡೆ, ಅಳೆಯಲಿಲ್ಲ. ಅದು ನಿಂತಿದ್ದು ತಾನೇ ಕೆಳಗೆ ತಳ್ಳಿದ ಚೂರಿನ ಗುಡ್ಡೆಯ ಮೇಲೆ. ಉದ್ದ ನೋಡದ ಬೋಲ್ಟ್, ಗೆರೆ ನೋಡದ ರೆಂಚ್, ಆಳ ನೋಡದ ಟ್ಯಾಪ್. ಮೂರೂ ಸಲ ಕ್ಯಾಲಿಪರ್ ಪಕ್ಕದಲ್ಲೇ ಇತ್ತು.

ಸುರುಳಿ ತೆಗೆಯುವುದು ಭಯಪಟ್ಟಷ್ಟು ಕಷ್ಟ ಆಗಲಿಲ್ಲ. ಸೂಜಿಮೂತಿಯ ಇಕ್ಕಳದಿಂದ ಮೇಲಿನ ತುದಿಯನ್ನು ಒಳಕ್ಕೆ ಬಾಗಿಸಿ ಹಿಡಿದು ಎಡಕ್ಕೆ ತಿರುಗಿಸಿದೆ. ಸುರುಳಿ ಕುಗ್ಗಿ ಸಲೀಸಾಗಿ ಹೊರಬಂತು. ಹೆಡ್‌ನ ಹೊಸ ಥ್ರೆಡ್‌ಗೆ ಏನೂ ಆಗಿರಲಿಲ್ಲ. ಒಮ್ಮೆ ತೆಗೆದ ಸುರುಳಿ ಆಕಾರ ಕಳೆದುಕೊಂಡಿರುತ್ತದೆ, ಮತ್ತೆ ಹಾಕಬಾರದು. ಮುರಿದ ಟ್ಯಾಂಗ್ ತೂತಿನ ತಳದಲ್ಲಿತ್ತು. ಅಯಸ್ಕಾಂತ ಇಳಿಸಿದರೆ ಅದು ಕದಲಲೇ ಇಲ್ಲ, ಈ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುವುದು ಅಷ್ಟಕ್ಕಷ್ಟೆ. ತೆಳು ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಮುಟ್ಟಿಸಿದಾಗ ಅಂಟಿಕೊಂಡು ಬಂತು.

ಆ ಹೊತ್ತಿಗೆ ಬೆಳಕು ಹೋಗಿತ್ತು. ಆ ದಿನಕ್ಕೆ ಸಾಕು ಮಾಡಿದೆ. ಇದೊಂದು ವಿಷಯದಲ್ಲಾದರೂ ನಾನು ಆತುರ ಮಾಡಲಿಲ್ಲ.

ದಿನ 8: ಎರಡನೆಯ ಇನ್ಸರ್ಟ್

ಲೆಕ್ಕ ಬರೆದುಕೊಂಡು ಶುರು ಮಾಡಿದೆ. ತೂತು 24. ಟ್ಯಾಪ್‌ನ ತುದಿಯ ನಾಲ್ಕು ಹಲ್ಲು ಓರೆಯಾಗಿವೆ, ಅವು ಪೂರ್ತಿ ಥ್ರೆಡ್ ಕೊರೆಯುವುದಿಲ್ಲ. ಅದಕ್ಕೆ 5 ಮಿ.ಮೀ. ಕಳೆದರೆ 19 ಮಿ.ಮೀ. ಒಳ್ಳೆಯ ಥ್ರೆಡ್ ಸಿಗಬೇಕು. ನನಗೆ ಬೇಕಾದದ್ದು 13. ಅಂದರೆ ಟ್ಯಾಪ್ 18ಕ್ಕೆ ಇಳಿದರೂ ಸಾಕು, ಇನ್ನೂ ಒಂದೆರಡು ಮಿ.ಮೀ. ಹೋದರೆ ನೆಮ್ಮದಿ. ಟ್ಯಾಪ್ ಮೇಲೆ 20ಕ್ಕೆ ಮಾರ್ಕರ್ ಗೆರೆ ಹಾಕಿದೆ. ನಿನ್ನೆ ನಿಂತ ಜಾಗ ಅಳೆದರೆ 13. ಅದರಲ್ಲಿ ಒಳ್ಳೆಯ ಥ್ರೆಡ್ ಎಂಟೇ. ಸುರುಳಿ ಮೂರು ಸುತ್ತು ಹೊರಗೆ ಉಳಿದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಕೊಳವೆಯಲ್ಲಿ ಸೀಮೆಎಣ್ಣೆ ಬಿಟ್ಟು, ಊದಿ, ಕಡ್ಡಿಯಿಂದ ಕೆದಕಿ, ಮತ್ತೆ ಊದಿದೆ. ಬಂದ ಚೂರು ನೋಡಿ ಗಾಬರಿಯಾಯಿತು. ದೊಡ್ಡ ಚಿಟಿಕೆಯಷ್ಟು ಇತ್ತು, ಅಷ್ಟು ಸಣ್ಣ ತೂತಿನಿಂದ. ಟ್ಯಾಪ್ ಮತ್ತೆ ಹಾಕಿದೆ. ಹಳೆಯ ಥ್ರೆಡ್‌ಗೆ ಕೈಯಲ್ಲೇ ಸಿಕ್ಕಿಸಿ, ಎಲ್ಲಿಯೂ ಬಿಗಿ ಆಗದೆ ಇಳಿದ ಮೇಲೆ ಹಿಡಿ ಹಾಕಿದೆ. ಎರಡು ಸುತ್ತಿಗೊಮ್ಮೆ ಪೂರ್ತಿ ಹೊರಗೆ ತೆಗೆದು ಒರೆಸಿದೆ. ಗೆರೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು.

ಎರಡನೆಯ ಇನ್ಸರ್ಟ್ ಒಂದೇ ಉಸಿರಿನಲ್ಲಿ ಹೋಯಿತು. ಒತ್ತಲೇ ಇಲ್ಲ, ಎರಡು ಬೆರಳಿನಲ್ಲಿ ತಿರುಗಿಸಿದೆ ಅಷ್ಟೇ. ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ನಿಲ್ಲಿಸಿದೆ. ಸುರುಳಿ ಮೇಲೆ ಚಾಚಿಕೊಂಡಿದ್ದರೆ ಹೌಸಿಂಗ್ ಅದರ ಮೇಲೆ ಕೂರುತ್ತದೆ, ಬೋಲ್ಟ್ ಬಿಗಿದಾಗ ಸುರುಳಿ ಹೊರಗೆ ಬರುತ್ತದೆ. ಪಂಚ್ ಇಟ್ಟು ಒಂದೇ ಏಟು, ಟ್ಯಾಂಗ್ ಮುರಿಯಿತು. ಗ್ರೀಸ್ ಕಡ್ಡಿಯಲ್ಲಿ ಎತ್ತಿದೆ. ಬೋಲ್ಟ್ ಆ ಜಾಗ ದಾಟಿ ಹೋಗಬೇಕಲ್ಲ, ಹಾಗಾಗಿ ಟ್ಯಾಂಗ್ ಒಳಗೆ ಬಿಡುವ ಹಾಗಿರಲಿಲ್ಲ.

30ರ ಹೊಸ ಬೋಲ್ಟ್ ಬರಿಗೈಯಲ್ಲಿ ತಿರುಗಿಸಿದೆ. ಇನ್ಸರ್ಟ್ ದಾಟುವವರೆಗೂ ಬೆರಳಲ್ಲೇ ಹೋಯಿತು. ಮೂಲೆಮಟ್ಟ ಇಟ್ಟೆ. ಸಂದಿನಲ್ಲಿ ಬೆಳಕು ತೂರಲಿಲ್ಲ.

ಗ್ಯಾಸ್ಕೆಟ್ ಹಾಕಿ ಕೂಲೆಂಟ್ ತುಂಬಿದ ಮೇಲೆ ಥ್ರೆಡ್ ಕೈಕೊಟ್ಟರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಆದ್ದರಿಂದ ಹೌಸಿಂಗ್ ಬದಲು 14 ಮಿ.ಮೀ. ಆಗುವಷ್ಟು ವಾಷರ್‌ಗಳನ್ನು ಬೋಲ್ಟ್‌ಗೆ ಪೋಣಿಸಿ, ಬರೀ ಹೆಡ್ ಮೇಲೆ ಬಿಗಿದು ನೋಡಿದೆ. 12ಕ್ಕೆ ಕ್ಲಿಕ್. 18ಕ್ಕೆ ಕ್ಲಿಕ್. ಕೈ ನಡುಗುತ್ತಿತ್ತು ಅಂತ ಹೇಳಲು ಸಂಕೋಚವಿಲ್ಲ. 22ಕ್ಕೆ ಕ್ಲಿಕ್. ಬೋಲ್ಟ್ ತಲೆಯಿಂದ ವಾಷರ್ ಮೇಲೆ ಬಿಳಿ ಬಣ್ಣದ ಗೆರೆ ಎಳೆದು ರಾತ್ರಿ ಪೂರ್ತಿ ಹಾಗೇ ಬಿಟ್ಟೆ.

ದಿನ 9: ಜೋಡಣೆ

ಬೆಳಿಗ್ಗೆ ಗೆರೆ ಇದ್ದಲ್ಲೇ ಇತ್ತು. ರೆಂಚ್ ಮತ್ತೆ 22ಕ್ಕೆ ಇಟ್ಟು ಮುಟ್ಟಿಸಿದೆ. ಬೋಲ್ಟ್ ಅಲುಗದೆ ಕ್ಲಿಕ್ ಬಂತು.

ಮೊದಲ ದಿನದ ಗ್ಯಾಸ್ಕೆಟ್ ಜಜ್ಜಿಹೋಗಿತ್ತು, ಇನ್ನೊಂದು ಹೊಸದು ಬೇಕಾಯಿತು. ಮುಖಗಳನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಸ್ವಚ್ಛ ಮಾಡಿದೆ, ಅಲ್ಯೂಮಿನಿಯಂ ಮೇಲೆ ಬ್ಲೇಡ್ ಎಳೆದರೆ ಗೀರು ಬಿದ್ದು ಅಲ್ಲೇ ಸೋರುತ್ತದೆ. ಬಾಯಿಯ ಟೇಪ್ ಮತ್ತು ಬಟ್ಟೆ ತೆಗೆಯುವ ಮೊದಲು ಸುತ್ತಲೂ ವ್ಯಾಕ್ಯೂಮ್ ಮಾಡಿದೆ. ಬಟ್ಟೆಯ ಮೇಲೆ ಏಳೆಂಟು ಚೂರು ಹೊಳೆಯುತ್ತಿದ್ದವು. ತುರುಕಿದ್ದು ಒಳ್ಳೆಯದೇ ಆಯಿತು.

ಮೇಲಿನ ಬೋಲ್ಟ್ ಕೂಡ ಹೊಸದು, ಅದೂ 30, ಈ ಸಲ ಕ್ಯಾಲಿಪರ್‌ನಲ್ಲಿ ಅಳೆದು. ಎರಡನ್ನೂ ಕೈಬಿಗಿ, ಆಮೇಲೆ ಒಂದಾದ ಮೇಲೊಂದು 12ಕ್ಕೆ, ಮತ್ತೆ 22ಕ್ಕೆ. ಥ್ರೆಡ್‌ಗೆ ಎಣ್ಣೆಯಾಗಲಿ ಗ್ರೀಸ್ ಆಗಲಿ ಹಚ್ಚಲಿಲ್ಲ. ಮ್ಯಾನ್ಯುಯಲ್‌ನ 22 ಒಣ ಥ್ರೆಡ್‌ಗೆ ಹೇಳಿದ್ದು. ಜಾರುವ ಥ್ರೆಡ್‌ನಲ್ಲಿ ಅದೇ 22ಕ್ಕೆ ಬೋಲ್ಟ್ ಇನ್ನೂ ಜಾಸ್ತಿ ಎಳೆಯುತ್ತದೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಇನ್ನೊಂದು ಅಪಾಯ. ಇಳಿಯುವ ಬೋಲ್ಟ್ ಅದನ್ನು ಒತ್ತಿ, ಹೋಗಲು ದಾರಿ ಇಲ್ಲದೆ ಹೆಡ್‌ನ ಲೋಹವೇ ಸೀಳಬಹುದು. ತೂತು ಪೂರ್ತಿ ಒಣಗಿದೆ ಅಂತ ನೋಡಿಯೇ ಬೋಲ್ಟ್ ಹಾಕಿ.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ತುಂಬಿದೆ. ಇಳಿಸಿಟ್ಟ ಹಳೆಯ ಕೂಲೆಂಟ್ ಮುಚ್ಚಳ ಇರುವ ಡಬ್ಬದಲ್ಲಿತ್ತು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಜೀವಕ್ಕೇ ಸಂಚಕಾರ. ಒಂಬತ್ತು ದಿನ ಗಾಡಿ ಬಿಚ್ಚಿಟ್ಟುಕೊಂಡವರು ಇದನ್ನು ಮರೆಯಬಾರದು.

ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಶುರು ಮಾಡಿದೆ. ಗುಳ್ಳೆ ಹೊರಟು ಮಟ್ಟ ಇಳಿದಾಗ ಮತ್ತಷ್ಟು ಹಾಕಿ ಮುಚ್ಚಳ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮೇಲಿನ ಹೋಸ್ ಬಿಸಿಯಾಯಿತು, ಥರ್ಮೋಸ್ಟ್ಯಾಟ್ ತೆರೆದಿದೆ ಅಂತ ಅರ್ಥ. ಫ್ಯಾನ್ ಎರಡು ಸಲ ತಿರುಗಿ ನಿಂತಿತು. ಬಿಳಿ ಟಿಶ್ಯೂವನ್ನು ಹೌಸಿಂಗ್‌ನ ಕೆಳ ಅಂಚಿಗೆ ಉದ್ದಕ್ಕೂ ಒತ್ತಿದೆ. ಒಣಗಿತ್ತು.

ಲೆಕ್ಕ

ಕೈಕೆಲಸದ ಹೊತ್ತು ಸುಮಾರು ಹದಿನಾರು ಗಂಟೆ, ಎಪಾಕ್ಸಿ ಒಣಗಿದ ದಿನ ಬಿಟ್ಟು. ಖರ್ಚಾದದ್ದು ಒಂದು ಥ್ರೆಡ್ ಕಿಟ್ ಮತ್ತು ಅದರಲ್ಲಿ ಎರಡು ಇನ್ಸರ್ಟ್ (ಅಭ್ಯಾಸದ್ದು ಸೇರಿ ಮೂರು), ಎರಡು ಗ್ಯಾಸ್ಕೆಟ್, ಮೂರು ಹೊಸ ಬೋಲ್ಟ್, ಗೈಡ್‌ಗೆ ಒಂದು ಹೆಚ್ಚಿನ ಬಿಟ್, ಎಪಾಕ್ಸಿ, ಸಣ್ಣ ಟಾರ್ಕ್ ರೆಂಚ್. ಇದರಲ್ಲಿ ರೆಂಚ್ ಮತ್ತು ಕಿಟ್ ಉಳಿಯುತ್ತವೆ. ಮೊದಲ ದಿನವೇ ಆ ಸಣ್ಣ ರೆಂಚ್ ಮತ್ತು ಸರಿಯಾದ ಉದ್ದದ ಬೋಲ್ಟ್ ಕೈಯಲ್ಲಿದ್ದಿದ್ದರೆ ಮಿಕ್ಕಿದ್ದರಲ್ಲಿ ಬಹುಪಾಲು ಬೇಕಾಗುತ್ತಿರಲಿಲ್ಲ.

ಮೂರು ವಾರದ ನಂತರ

ಪ್ರತಿ ಭಾನುವಾರ, ಎಂಜಿನ್ ತಣ್ಣಗಿರುವಾಗ, ಟಿಶ್ಯೂ ಒತ್ತಿ ನೋಡುತ್ತಿದ್ದೇನೆ. ಮೂರೂ ಸಲ ಒಣಗಿತ್ತು. ಕೂಲೆಂಟ್ ಮಟ್ಟ ಗೆರೆಯಲ್ಲೇ ಇದೆ. ಬೋಲ್ಟ್ ಮೇಲೆ ಹೊಸದಾಗಿ ಎಳೆದ ಬಿಳಿ ಗೆರೆ ಅಲುಗಿಲ್ಲ. ಮತ್ತೆ ಬಿಗಿಯಲು ಹೋಗಿಲ್ಲ, ಹೋಗುವುದೂ ಇಲ್ಲ.

ನನಗಿನ್ನೂ ಸಮಾಧಾನ ಇಲ್ಲದಿರುವುದು ಮೇಲಿನ ಬೋಲ್ಟ್‌ನ ತೂತಿನ ಬಗ್ಗೆ. ಮೊದಲ ದಿನ ಅದನ್ನೂ ಅದೇ ದೊಡ್ಡ ರೆಂಚ್‌ನಲ್ಲಿ, ಅದೇ ಅಂದಾಜಿನಲ್ಲಿ ಎಳೆದಿದ್ದೆ. 16 ಮಿ.ಮೀ. ಕಚ್ಚಿದ್ದರಿಂದ ಅದು ಉಳಿಯಿತು, 22ಕ್ಕೆ ಕ್ಲಿಕ್ ಕೂಡ ಬಂತು. ಮುಂದಿನ ಸಲ ಕೂಲೆಂಟ್ ಬದಲಿಸುವಾಗ ಅದನ್ನು ಬಿಚ್ಚಿ, ಚೇಸರ್ ಹಾಕಿ, ಟಾರ್ಚ್‌ನಲ್ಲಿ ಒಳಗೆ ನೋಡುತ್ತೇನೆ. ಗೈಡ್ ತಟ್ಟೆಯನ್ನು ಎಣ್ಣೆ ಸವರಿ ಕಿಟ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ತಿರುಗಿಸಿ ಹಾಕಿದರೆ ಆ ತೂತಿಗೂ ಅದೇ ಆಗುತ್ತದೆ.